ಶಿಳ್ಳೆ ಇದ್ದ ಜಾಗ

ಐಜಾಲ್
ಫೆಬ್ರವರಿ 11, 1995

ಮಾನ್ಯ ರಿಸಾಲಿನ್ ಖೊಂಗ್ಜಿ ಅವರಿಗೆ,

ನಮ್ಮಿಬ್ಬರಿಗೆ ಪರಿಚಯವಿಲ್ಲ. ಪರಿಚಯವಿಲ್ಲದವರ ಜೊತೆ ಜಗಳ ಆಡಬಾರದೆಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ‘ಕಡ್ಡಿಪೆಟ್ಟಿಗೆ’ ಪತ್ರಿಕೆಯಲ್ಲಿ ನೀವು ಬರೆದ ನಾಲ್ಕು ಸಾಲು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನಿಮ್ಮ ವಿಳಾಸವನ್ನು ಪತ್ರಿಕೆಯವರನ್ನು ಕಾಡಿ ಬೇಡಿ ಪಡೆದೆ.

ನೀವು ಬರೆದಿರುವುದು ಇದು: ‘ಕೆರಿಯೋಸ್ ಒಬ್ಬನೇ ಹಾಡಿರುವ ಕ್ಯಾಸೆಟ್ಟುಗಳು ವೆಟ್ ಮ್ಯಾಚಸ್ ಬ್ಯಾಂಡಿನ ಕ್ಯಾಸೆಟ್ಟುಗಳಿಗಿಂತ ಒಳ್ಳೆಯವು. ಅನ್ನ ಆರುತ್ತಿದೆ ಹಾಡಿನ ನಡುವೆ ಇರುವ ಖಾಲಿ ಜಾಗ ಸರಿಯಾಗಿಯೇ ಇದೆ. ಅದರ ಬಗ್ಗೆ ದೂರುವವರು ದೂರುವುದನ್ನು ನಿಲ್ಲಿಸಬೇಕು.’

ಅಮ್ಮಾ, ಆ ದೂರುವವರಲ್ಲಿ ನಾನೇ ಮೊದಲನೆಯವನು. ಐಜಾಲಿನಲ್ಲಿ ನನ್ನದು ಕ್ಯಾಸೆಟ್ ತುಂಬಿಸಿಕೊಡುವ ಸಣ್ಣ ಅಂಗಡಿ. ಇಡೀ ಮಿಜೋರಾಮಿಗೆ ವೆಟ್ ಮ್ಯಾಚಸ್ ಬ್ಯಾಂಡನ್ನು ಪರಿಚಯ ಮಾಡಿಸಿದ್ದು ನಾನು ಎಂದು ಹೇಳಿಕೊಂಡರೆ ಇಲ್ಲಿ ಯಾರೂ ನಗುವುದಿಲ್ಲ. ಬ್ಯಾಂಡು ಎರಡು ಕ್ಯಾಸೆಟ್ ಮಾಡಿತು, ಒಡೆಯಿತು. ಕೆರಿಯೋಸ್ ಒಬ್ಬನೇ ಮನೆಯಲ್ಲಿ ಕೂತು ಇನ್ನೆರಡು ಮಾಡಿದ. ನಾಲ್ಕೂ ನನಗೆ ಬಾಯಿಪಾಠ. ‘ಅನ್ನ ಆರುತ್ತಿದೆ’ ಬ್ಯಾಂಡಿನದರಲ್ಲೂ ಇದೆ, ಅವನ ಒಂಟಿ ಕ್ಯಾಸೆಟ್ಟಿನಲ್ಲೂ ಇದೆ. ಬ್ಯಾಂಡಿನದರಲ್ಲಿ ಏನಾಗುತ್ತದೆ? ಗಿಟಾರ್ ನಿಲ್ಲುತ್ತದೆ. ಕೆರಿಯೋಸ್ ಒಂದು ಶಿಳ್ಳೆ ಹಾಕುತ್ತಾನೆ. ಯಾರೋ ಮೆಟ್ಟಿಲು ಇಳಿದು ಓಡಿಬಂದ ಹಾಗೆ ಡ್ರಮ್ ದಡದಡ ಶುರುವಾಗುತ್ತದೆ. ಅಲ್ಲಿಗೆ ನನ್ನ ಅಂಗಡಿಯ ಹುಡುಗರೆಲ್ಲ ಮೇಜು ಬಡಿಯುತ್ತಾರೆ. ಒಂಟಿ ಕ್ಯಾಸೆಟ್ಟಿನಲ್ಲಿ ಗಿಟಾರ್ ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ. ಶಿಳ್ಳೆ ಇಲ್ಲ, ಡ್ರಮ್ ಇಲ್ಲ. ಮತ್ತೆ ಗಿಟಾರ್.

ಮೊದಲ ವಾರವೇ ಗಿರಾಕಿಗಳು ಕ್ಯಾಸೆಟ್ ವಾಪಸ್ ತಂದರು. “ಏನ್ ಪು ರಿನ್‌ಸಾಂಗಾ, ತುಂಬಿಸೋವಾಗ ನಿದ್ದೆ ಮಾಡ್ಬಿಟ್ರಾ? ಮಧ್ಯದಲ್ಲಿ ಅಳಿಸಿಹೋಗಿದೆಯಲ್ಲ!” ನನ್ನ ಮರ್ಯಾದೆಯ ಪ್ರಶ್ನೆ. ಆ ಜಾಗ ಹೇಗೆ ಸರಿಯಾಗಿದೆ ಎಂದು ನೀವೇ ಬಿಡಿಸಿ ಹೇಳಬೇಕು.

ನಿಮ್ಮ ಎದುರುಪಕ್ಷದ
ಲಾಲ್‌ರಿನ್‌ಸಾಂಗಾ


ಶಿಲ್ಲಾಂಗ್
ಮಾರ್ಚ್ 2, 1995

ರಿನ್‌ಸಾಂಗಾ ಅವರಿಗೆ,

ನಿಮ್ಮ ಕಾಗದ ಬಂತು. ನಾನು ಶಾಲೆ ಮಕ್ಕಳ ಸ್ವೆಟರ್ ಹೆಣೆಯುವವಳು. ಯಂತ್ರದ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತೇನೆ. ಕೈ ತಾನಾಗಿ ಓಡುತ್ತದೆ, ಕಿವಿಗೆ ಏನಾದರೂ ಬೇಕು. ಕೆರಿಯೋಸ್‌ನ ಒಂಟಿ ಕ್ಯಾಸೆಟ್ಟುಗಳನ್ನು ಹಾಕಿಕೊಳ್ಳುತ್ತೇನೆ. ಅವು ನನ್ನಿಂದ ಏನನ್ನೂ ಕೇಳುವುದಿಲ್ಲ. ಬ್ಯಾಂಡಿನವು ಮನೆಯಲ್ಲಿವೆ, ಹಾಕುವುದಿಲ್ಲ. ಸದ್ದು ಜಾಸ್ತಿ.

ಆ ಜಾಗ ಅಳಿಸಿಹೋದದ್ದಲ್ಲ. ಕೆರಿಯೋಸ್ ಬೇಕೆಂದೇ ಬಿಟ್ಟದ್ದು. ವಾಪಸ್ ತಂದ ಗಿರಾಕಿಗಳಿಗೆ ಹಾಗೇ ಹೇಳಿ. ನಿಮ್ಮ ಮರ್ಯಾದೆಗೆ ಏನೂ ಆಗಿಲ್ಲ.

ರಿಸಾಲಿನ್


ಐಜಾಲ್
ಮಾರ್ಚ್ 19, 1995

ಕಾಂಗ್ ರಿಸಾಲಿನ್ ಅವರಿಗೆ,

ನಿಮ್ಮ ಕಡೆ ಅಕ್ಕನನ್ನು ಹೀಗೆ ಕರೆಯುತ್ತಾರಂತೆ. ಶಿಲ್ಲಾಂಗಿನಲ್ಲಿ ಓದಿ ಬಂದ ನನ್ನ ಷಡ್ಡಕ ಹೇಳಿದ. ನೀವು ನನಗಿಂತ ಚಿಕ್ಕವರಿದ್ದರೂ ಪರವಾಗಿಲ್ಲ, ಇಷ್ಟು ಗಟ್ಟಿಯಾಗಿ ಮಾತಾಡುವವರು ಅಕ್ಕನೇ ಇರಬೇಕು.

ಬೇಕೆಂದೇ ಬಿಟ್ಟದ್ದು ಎಂದು ಬರೆದಿರಿ. ಯಾಕೆ ಬಿಟ್ಟ ಎಂದು ಬರೆಯಲಿಲ್ಲ. ಇದೆಂಥ ವಾದ? ಸಾರಿಗೆ ಉಪ್ಪು ಹಾಕದೆ, ಬೇಕೆಂದೇ ಹಾಕಲಿಲ್ಲ ಎಂದರೆ ಸಾರು ಚೆನ್ನಾಗಿದೆ ಎಂದಾಗುತ್ತದೆಯೆ? ಒಂಟಿ ಕ್ಯಾಸೆಟ್ಟುಗಳಲ್ಲಿ ಸಾಹಿತ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಗಿಟಾರ್ ಹದವಾಗಿದೆ. ಆದರೆ ಅಲ್ಲಿ ಕೆರಿಯೋಸ್ ಹಾಡುವುದು ಅಡುಗೆಮನೆಯಲ್ಲಿ ಒಬ್ಬನೇ ನಿಂತು ಊಟ ಮಾಡುವವನ ಹಾಗೆ. ಬ್ಯಾಂಡಿನಲ್ಲಿ ಅವನು ಪಂಕ್ತಿಯಲ್ಲಿ ಕೂತಿದ್ದ. ಆ ಡ್ರಮ್ ಬಾರಿಸುವವನಿದ್ದನಲ್ಲ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಕಿತ್ಬೊಕ್ ಕೆ.’ ಎಂದಷ್ಟೇ ಇದೆ, ಅವನು ಸುಮ್ಮನೆ ತಾಳ ಹಾಕುವವನಲ್ಲ. ಕೆರಿಯೋಸ್ ಅಳುಮುಖ ಮಾಡಿದಾಗಲೆಲ್ಲ ಬೆನ್ನಿಗೆ ಒಂದು ಗುದ್ದು ಕೊಟ್ಟು ಎಬ್ಬಿಸುವವನು. ನನ್ನ ಕೇಳಿದರೆ ಬ್ಯಾಂಡ್ ಎಂದರೆ ಅವನೇ.

ಅವನು ಎಲ್ಲಿದ್ದಾನೆ ಈಗ? ಹುಡುಗಿಯೊಬ್ಬಳ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ ಬ್ಯಾಂಡ್ ಒಡೆಯಿತು ಎಂದು ಇಲ್ಲಿನ ಹುಡುಗರು ಹೇಳುತ್ತಾರೆ. ನಿಮಗೆ ಊರಿನ ಸುದ್ದಿ ಗೊತ್ತಿರಬೇಕು. ಆ ಶಿಳ್ಳೆ ನಮ್ಮ ಮನೆಯಲ್ಲಿ ದಿನಾ ಕೇಳುತ್ತದೆ. ಯಾಕೆ ಎಂದು ಮುಂದೊಮ್ಮೆ ಹೇಳುತ್ತೇನೆ, ನೀವು ಯಾಕೆ ಎಂದು ಹೇಳಿದ ಮೇಲೆ.

ರಿನ್‌ಸಾಂಗಾ


ಶಿಲ್ಲಾಂಗ್
ಏಪ್ರಿಲ್ 10, 1995

ಪು ರಿನ್‌ಸಾಂಗಾ ಅವರಿಗೆ,

ನಿಮ್ಮ ಕಡೆ ಹಿರಿಯರನ್ನು ಹೀಗೆ ಕರೆಯುವುದು ನನಗೂ ಗೊತ್ತು. ಲೆಕ್ಕ ಸರಿಹೋಯಿತು.

ಕಿತ್ಬೊಕ್ ಕೆ. ಎಂದರೆ ಕಿತ್ಬೊಕ್ ಖೊಂಗ್ಜಿ. ನನ್ನ ಅಣ್ಣ. ಹುಡುಗಿಯ ಕಥೆ ಕೇಳಿದ್ದರೆ ಅವನಿಗೆ ಬಹಳ ಸಂತೋಷವಾಗುತ್ತಿತ್ತು. ಯಾವ ಹುಡುಗಿಯೂ ಅವನಿಗಾಗಿ ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ಅವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ.

ನಮ್ಮ ಮನೆ ಗುಡ್ಡದ ಮೇಲಿದೆ, ರಸ್ತೆ ಕೆಳಗೆ. ಕೆರಿಯೋಸ್‌ಗೆ ಮೆಟ್ಟಿಲು ಹತ್ತುವುದಕ್ಕೆ ಸೋಮಾರಿತನ. ಕೆಳಗಿನಿಂದಲೇ ಆ ಶಿಳ್ಳೆ ಹಾಕುತ್ತಿದ್ದ. ಅದು ನನ್ನ ಅಣ್ಣನನ್ನು ಕರೆಯುವ ಶಿಳ್ಳೆ, ಇನ್ನಾರಿಗೂ ಅಲ್ಲ. ಅಣ್ಣ ತಟ್ಟೆಯಲ್ಲಿ ಅನ್ನ ಬಿಟ್ಟು, ಒಂದು ಶೂ ಕಾಲಲ್ಲಿ ಒಂದು ಕೈಯಲ್ಲಿ ಹಿಡಿದು ಓಡುತ್ತಿದ್ದ. ಮೆಯ್, ಅಂದರೆ ನಮ್ಮ ಅಮ್ಮ, ಹಿಂದಿನಿಂದ ಅನ್ನ ಆರುತ್ತಿದೆ ಎಂದು ಕೂಗುತ್ತಿದ್ದಳು. ಹಾಡು ಅಲ್ಲಿಂದ ಬಂದದ್ದು.

ಅವನು ಎಲ್ಲಿದ್ದಾನೆ ಎಂದು ಕೇಳಿದಿರಿ. ಎರಡು ವರ್ಷದ ಮೇಲಾಯಿತು, ದೇವರ ಮನೆಯ ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾನೆ. ಮೆಯ್ ಅವನ ತಟ್ಟೆಯನ್ನು ಈಗಲೂ ನಮ್ಮ ತಟ್ಟೆಗಳ ಜೊತೆ ತೊಳೆದು ಕವುಚಿಡುತ್ತಾಳೆ. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸ್ವೆಟರ್ ಹೆಣೆಯುತ್ತೇನೆ. ಏನೂ ಅನ್ನಿಸುವುದಿಲ್ಲ, ಅದೊಂದು ಅನುಕೂಲ.

ಆ ಖಾಲಿ ಜಾಗ ಅಣ್ಣನದು. ಅದನ್ನು ಹಾಗೇ ಬಿಡಿ. ಇದನ್ನು ‘ಕಡ್ಡಿಪೆಟ್ಟಿಗೆ’ಗೆ ಬರೆಯಬೇಡಿ.

ರಿಸಾಲಿನ್


ಐಜಾಲ್
ಏಪ್ರಿಲ್ 28, 1995

ಪ್ರೀತಿಯ ಕಾಂಗ್ ರಿಸಾಲಿನ್,

ಕಿತ್ಬೊಕ್‌ನ ತಂಗಿ! ನಾನು ಕಾಗದವನ್ನು ಅಂಗಡಿಯಲ್ಲಿ ಎದ್ದು ನಿಂತು ಓದಿದೆ. ಯಾರಿಗೂ ಹೇಳಿಲ್ಲ, ಹೆಂಡತಿಯೊಬ್ಬಳಿಗೆ ಬಿಟ್ಟು.

ಅಂತೂ ಗುಟ್ಟು ತಿಳಿಯಿತು. ಹಾಗಾದರೆ ಹುಡುಗಿಯೂ ಇಲ್ಲ, ಜಗಳವೂ ಇಲ್ಲ, ಮಹಾರಾಯ ದೇವರ ದಾರಿ ಹಿಡಿದಿದ್ದಾನೆ! ಕಾಂಗ್, ನಮ್ಮ ಊರಿಗೆ ಬಂದು ನೋಡಿ. ಇಲ್ಲಿ ಒಳ್ಳೆಯ ಗಿಟಾರ್ ನುಡಿಸುವವರೆಲ್ಲ ಮೂವತ್ತು ದಾಟುವುದರೊಳಗೆ ಒಂದಲ್ಲ ಒಂದು ಚರ್ಚಿಗೆ ಸೇರಿ ಕಳೆದುಹೋಗುತ್ತಾರೆ. ನನ್ನ ಸ್ವಂತ ತಮ್ಮ ಡ್ರಮ್ ಮಾರಿ ಬೈಬಲ್ ಹಿಡಿದ. ಈಗ ಚರ್ಚಿನ ಮೆಟ್ಟಿಲ ಮೇಲೆ ಕೂತು ಅಡಿಕೆ ಜಗಿಯುತ್ತಾನೆ, ಪಾಸ್ಟರ್ ಬೈದು ಬೈದು ಸಾಕಾಗಿದ್ದಾರೆ. ನಿಮ್ಮ ಅಣ್ಣನೂ ಅದೇ ಜಾತಿ ಎಂದು ಓದಿ ನಗು ಬಂತು. ನಿಮ್ಮ ತಾಯಿ ತಟ್ಟೆ ತೊಳೆದಿಡುವುದು ಓದಿ ಮಾತ್ರ ಬೇಜಾರಾಯಿತು. ಒಂದೇ ಊರಿನಲ್ಲಿದ್ದು ಮನೆಗೆ ಊಟಕ್ಕೂ ಬರುವುದಿಲ್ಲವೆಂದರೆ ಅದೆಂಥ ಭಕ್ತಿ? ದೇವರು ಹಾಗೆ ಹೇಳಿದ್ದಾನೆಯೆ?

ಎರಡು ವರ್ಷ ಧಾರಾಳವಾಯಿತು. ಅವನನ್ನು ಹೊರಗೆ ಕರೆಯುವ ಹೊತ್ತು ಬಂದಿದೆ. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆದಿದೆ, ಈಗ ಹೇಳುವುದಿಲ್ಲ.

ನಿಮ್ಮ
ಬಾಹ್ ರಿನ್‌ಸಾಂಗಾ
(ಅಣ್ಣನಿಗೆ ಹೀಗೆನ್ನುತ್ತಾರೆ ಎಂದು ಷಡ್ಡಕನೇ ಹೇಳಿದ್ದು)


ಐಜಾಲ್
ಜೂನ್ 15, 1995

ಪ್ರೀತಿಯ ಕಾಂಗ್,

ನಿಮ್ಮಿಂದ ಉತ್ತರ ಬರಲಿಲ್ಲ. ಘಟ್ಟದಲ್ಲಿ ಮಣ್ಣು ಕುಸಿದು ಅಂಚೆ ನಿಂತಿತ್ತು, ಅದಕ್ಕೇ ಇರಬೇಕು. ಇಲ್ಲವೆ ನಾನು ನಿಮ್ಮ ಅಣ್ಣನ ಭಕ್ತಿಯನ್ನು ಹಾಸ್ಯ ಮಾಡಿದ್ದಕ್ಕೆ ಸಿಟ್ಟು ಬಂದಿರಬೇಕು. ಹಾಗಿದ್ದರೆ ಈ ಪೊಟ್ಟಣ ಬಿಚ್ಚಿದ ಮೇಲೆ ಸಿಟ್ಟು ಇಳಿಯುತ್ತದೆ.

ಒಳಗಿರುವುದು ಒಂದು ಕ್ಯಾಸೆಟ್. ಕೆರಿಯೋಸ್‌ನ ಒಂಟಿ ‘ಅನ್ನ ಆರುತ್ತಿದೆ’. ಆದರೆ ಆ ಖಾಲಿ ಜಾಗದಲ್ಲಿ ಬ್ಯಾಂಡಿನ ಶಿಳ್ಳೆಯನ್ನು ಕೂರಿಸಿದ್ದೇನೆ. ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಎರಡು ಯಂತ್ರ ಎದುರುಬದುರು ಇಟ್ಟು, ಒಂದರ ಗುಂಡಿಯ ಮೇಲೆ ಒಂದು ಬೆರಳು, ಇನ್ನೊಂದರ ಮೇಲೆ ಇನ್ನೊಂದು, ಉಸಿರು ಬಿಗಿಹಿಡಿದು ಮಾಡಬೇಕು. ಸ್ವಲ್ಪ ತಡವಾದರೆ ಗಿಟಾರ್ ಮೇಲೆ ಬೀಳುತ್ತದೆ, ಮುಂಚೆ ಆದರೆ ಟಪ್ ಎಂಬ ಸದ್ದು ಉಳಿಯುತ್ತದೆ. ಎಷ್ಟು ಸಲ ಹಾಳಾಯಿತೋ ಲೆಕ್ಕ ಇಟ್ಟಿಲ್ಲ. ಈಗ ಕೇಳಿ, ಹೊಲಿಗೆ ಕಾಣಿಸುವುದಿಲ್ಲ. ಆ ಜಾಗ ಶಿಳ್ಳೆಗೆಂದೇ ಅಳತೆ ತೆಗೆದು ಬಿಟ್ಟಂತೆ ಕೂತಿದೆ.

ಒಂದೇ ಕೊರತೆ. ಶಿಳ್ಳೆ ಆದ ಮೇಲೆ ಡ್ರಮ್ ಬರುವುದಿಲ್ಲ. ಕರೆದ ಹಾಗಿದೆ, ಯಾರೂ ಓಗೊಟ್ಟಂತಿಲ್ಲ. ಅದನ್ನು ನಾನು ತುಂಬಿಸಲಾರೆ, ಕಿತ್ಬೊಕ್‌ನೇ ಬಂದು ತುಂಬಿಸಬೇಕು. ಅದಕ್ಕೇ ಕಳಿಸುತ್ತಿದ್ದೇನೆ. ಅವನಿರುವಲ್ಲಿಗೆ ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗಿ ಹಾಕಿ. ಮನುಷ್ಯನಾಗಿದ್ದರೆ ಶೂ ಕೈಯಲ್ಲಿ ಹಿಡಿದು ಓಡಿಬರುತ್ತಾನೆ.

ಕೆರಿಯೋಸ್‌ಗೂ ಒಂದು ಪ್ರತಿ ಕಳಿಸಿದೆ. ಇಲ್ಲಿನ ಗೆಳೆಯರಿಗೂ ಕೊಟ್ಟಿದ್ದೇನೆ. ಎಲ್ಲರೂ ಹೇಳುವುದು ಒಂದೇ: ಬ್ಯಾಂಡಿಗೂ ಒಂಟಿ ಕ್ಯಾಸೆಟ್ಟಿಗೂ ರಾಜಿ ಆಯಿತು.

ಬಾಹ್ ರಿನ್‌ಸಾಂಗಾ


ಶಿಲ್ಲಾಂಗ್
ಜೂನ್ 30, 1995

ರಿನ್‌ಸಾಂಗಾ ಅವರಿಗೆ,

ದೇವರ ಮನೆಯ ಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಳ್ಳುವುದು ಎಂದರೆ ಸತ್ತಿದ್ದಾನೆ ಎಂದು. ನಾವು ಖಾಸಿಗಳು ಹಾಗೆ ಹೇಳುತ್ತೇವೆ. 1992ರ ಚಳಿಗಾಲದಲ್ಲಿ ದೀಮಾಪುರದಿಂದ ವಾಪಸ್ ಬರುವಾಗ ಅವರ ಜೀಪು ಉರುಳಿತು. ಕೆರಿಯೋಸ್ ಬದುಕಿದ. ಅಣ್ಣ ಹೋದ. ನಿಮ್ಮ ಏಪ್ರಿಲ್ ಕಾಗದ ಓದಿ, ಸಾವಿನ ಬಗ್ಗೆ ಹೀಗೆ ನಗುವ ಮನುಷ್ಯನೂ ಇರುತ್ತಾನೆಯೆ ಎಂದುಕೊಂಡೆ. ಎರಡು ಸಲ ಓದಿದ ಮೇಲೆ ನಿಮಗೆ ತಿಳಿದಿಲ್ಲ ಎಂದು ಗೊತ್ತಾಯಿತು. ತಿಳಿಸಬೇಕಿತ್ತು. ಬರೆಯುವುದಕ್ಕೆ ಕೈ ಏಳಲಿಲ್ಲ.

ಇದನ್ನೂ ಈಗಲೇ ಹೇಳಿಬಿಡುತ್ತೇನೆ. ಮೆಯ್‌ಳ ಊರು ಸೋಹ್ರಾದ ಆಚೆ ಇಳಿಜಾರಿನಲ್ಲಿದೆ. ಅಲ್ಲಿ ಮಗು ಹುಟ್ಟಿದರೆ ತಾಯಿ ಅದಕ್ಕೊಂದು ರಾಗ ಕಟ್ಟುತ್ತಾಳೆ. ಮಾತಿಲ್ಲ, ರಾಗ ಮಾತ್ರ. ಅದೇ ಮಗುವಿನ ನಿಜವಾದ ಹೆಸರು. ಊಟಕ್ಕೆ ಕರೆಯುವುದು, ಕಾಡಿನಲ್ಲಿ ಕೂಗುವುದು ಎಲ್ಲ ಅದರಿಂದಲೇ. ಒಬ್ಬರ ರಾಗ ಇನ್ನೊಬ್ಬರಿಗೆ ಇಡುವಂತಿಲ್ಲ. ಆ ಮನುಷ್ಯ ಸತ್ತರೆ ರಾಗವೂ ಅವನ ಜೊತೆ ಹೋಗುತ್ತದೆ. ಮತ್ತೆ ಯಾರೂ ಅದನ್ನು ಬಾಯಿಗೆ ತರುವುದಿಲ್ಲ. ಆ ಶಿಳ್ಳೆ ಅಣ್ಣನ ಹೆಸರು. ಮಣ್ಣು ಮಾಡಿದ ದಿನ ಕೆರಿಯೋಸ್ ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಹತ್ತಿರ ಬಂದು, “ಕಾಂಗ್, ಇನ್ನು ನಾನು ಅದನ್ನ ಹಾಕಲ್ಲ” ಎಂದ. ಹೋದವನು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಹಾಡಿನಲ್ಲಿ ಜಾಗ ಬಿಟ್ಟ.

ನಿಮ್ಮ ಪೊಟ್ಟಣ ಮಂಗಳವಾರ ಬಂತು. ಕಾಗದ ಆಮೇಲೆ ಓದೋಣವೆಂದು ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ ಕೆಲಸಕ್ಕೆ ಕೂತೆ. ಮೆಯ್ ಒಲೆಯ ಹತ್ತಿರ ಇದ್ದಳು. ಶಿಳ್ಳೆ ಬಂತು. ನನ್ನ ಕೈ ನಿಂತಿತು. ಮೆಯ್ ಎದ್ದು, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಬಾಗಿಲು ತೆಗೆದು ಹೊಸಿಲ ಮೇಲೆ ನಿಂತಳು. ಕೆಳಗೆ ರಸ್ತೆಯ ಕಡೆ ನೋಡಿದಳು. ಹಾಡು ಮುಗಿಯಿತು. ಅವಳು ನಿಂತೇ ಇದ್ದಳು. ಅನ್ನ ಸೀದ ವಾಸನೆ ಬಂದ ಮೇಲೆ ಒಳಗೆ ಹೋದಳು.

ಕ್ಯಾಸೆಟ್ ಅಳಿಸಿದ್ದೇನೆ. ನೀವು ಹಂಚಿದವನ್ನೂ ಅಳಿಸಿ. ಇನ್ನು ಬರೆಯಬೇಡಿ.

ರಿಸಾಲಿನ್ ಖೊಂಗ್ಜಿ


ಐಜಾಲ್
ಜುಲೈ 14, 1995

ಕಾಂಗ್,

ಬರೆಯಬೇಡಿ ಎಂದಿರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ನಮ್ಮಲ್ಲಿ ಸಾವಾದರೆ ಇಡೀ ಬೀದಿ ಆ ಮನೆಗೆ ಬಂದು ಕೂರುತ್ತದೆ. ದಿನಗಟ್ಟಲೆ ಹಾಡುತ್ತೇವೆ. ಗುಂಡಿ ತೋಡುವುದು ನೆರೆಯ ಹುಡುಗರೇ. ಸತ್ತ ಎಂಬ ಮಾತನ್ನು ಅಷ್ಟು ಜನ ಅಷ್ಟು ಸಲ ಆಡಿರುತ್ತಾರೆ. ನಿಮ್ಮ ಎಲೆಯಡಿಕೆಯ ಮಾತಿನ ಒಳಗೆ ಸಾವು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ನಾನು ಕತ್ತೆ. ನಾಚಿಕೆಯಾಗುತ್ತಿದೆ, ಅದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ.

ಕ್ಯಾಸೆಟ್ಟುಗಳನ್ನು ಮನೆಮನೆಗೆ ಹೋಗಿ ವಾಪಸ್ ತಂದೆ. ಒಬ್ಬ ಕೊಡುವುದಿಲ್ಲವೆಂದ, ಅವನಿಗೆ ಕಾರಣ ಹೇಳದೆ ಬ್ಯಾಂಡಿನ ಎರಡೂ ಹೊಸದಾಗಿ ತುಂಬಿಸಿಕೊಟ್ಟು ಬಿಡಿಸಿಕೊಂಡೆ. ಎಲ್ಲ ಅಳಿಸಿದೆ. ಕೆರಿಯೋಸ್‌ಗೆ ಹೋದದ್ದನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಕ್ಷಮೆ ಕೇಳಿ ಬರೆದೆ. ಉತ್ತರವಿಲ್ಲ.

ಇನ್ನೊಂದನ್ನು ಮುಚ್ಚಿಡಲಾರೆ. ನನಗೆ ಏಳು ವರ್ಷದ ಮಗಳಿದ್ದಾಳೆ, ಪಾರಿ. ಅವಳು ಅಂಬೆಗಾಲಿಡುತ್ತಿದ್ದಾಗ ಆ ಹಾಡು ಹಾಕಿದರೆ ಶಿಳ್ಳೆಗೆ ಸರಿಯಾಗಿ ಟೇಪಿನ ಹತ್ತಿರ ಬರುತ್ತಿದ್ದಳು. ಅಂದಿನಿಂದ ಅವಳನ್ನು ಆಟದಿಂದ ಊಟಕ್ಕೆ ಕರೆಯುವುದು ನಾನು ಆ ಶಿಳ್ಳೆಯಿಂದಲೇ. ಬೀದಿಗೇ ಗೊತ್ತು. ನಮ್ಮ ಮನೆಯಲ್ಲಿ ದಿನಾ ಕೇಳುತ್ತದೆ ಎಂದು ಬರೆದಿದ್ದೆನಲ್ಲ, ಅದೇ ಇದು. ನಿಮ್ಮ ಕಾಗದ ಓದಿದ ದಿನದಿಂದ ನಿಲ್ಲಿಸಿದ್ದೇನೆ. ಹೆಸರು ಹಿಡಿದು ಕೂಗಿದರೆ ಬರುವುದಿಲ್ಲ. ನಿನ್ನೆ ನಾನೇ ಹೋಗಿ ಕೈಹಿಡಿದು ಕರೆದುತಂದೆ. “ಅಪ್ಪಾ, ನನ್ ಮೇಲೆ ಕೋಪಾನಾ? ಯಾಕೆ ನನ್ನ ಕರೀತಿಲ್ಲ?” ಎಂದಳು. ಕರೆದೆನಲ್ಲ ಎಂದೆ. “ಅದು ಸ್ಕೂಲ್ ಹೆಸ್ರು” ಎಂದಳು.

ಅವಳಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ನಿಮ್ಮನ್ನು ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಆ ಹೆಸರು ನಿಮ್ಮ ಮನೆಯದು, ಬೇರೆ ಯಾರನ್ನು ಕೇಳಲಿ?

ರಿನ್‌ಸಾಂಗಾ


ಶಿಲ್ಲಾಂಗ್
ಸೆಪ್ಟೆಂಬರ್ 3, 1995

ಬಾಹ್ ರಿನ್‌ಸಾಂಗಾ,

ನಿಮ್ಮ ಕಾಗದವನ್ನು ಉಣ್ಣೆಯ ಉಂಡೆಗಳ ಕೆಳಗೆ ಹಾಕಿ ಮರೆಯಲು ನೋಡಿದೆ. ಉತ್ತರ ಬರೆಯುವ ಮನಸ್ಸಿರಲಿಲ್ಲ. ಆ ಮಗುವಿನ ಮಾತು ಮಾತ್ರ ಯಂತ್ರದ ಸದ್ದಿನ ನಡುವೆಯೂ ಕೇಳುತ್ತಿತ್ತು.

ಮೆಯ್ ಆ ಮಂಗಳವಾರದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನಾನೂ ಕೇಳಿರಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಕುಂಬಳಕಾಯಿ ಹೆಚ್ಚುತ್ತ ಕೂತಿದ್ದವಳು ತಟ್ಟನೆ ಕೇಳಿದಳು, “ಆ ಕೆರಿಯೋಸ್ ಅವತ್ತು ಯಾಕೆ ಮೇಲೆ ಬರ್ಲಿಲ್ಲ?”

“ಯಾವತ್ತು ಮೆಯ್?”

“ಶಿಳ್ಳೆ ಹಾಕಿದ್ನಲ್ಲ, ಅವತ್ತು. ಬಾಗಿಲಿಗೆ ಬಂದು ನೋಡ್ದೆ. ಅಷ್ಟ್ರಲ್ಲಿ ಹೊರಟುಹೋಗಿದ್ದ. ನಾನಿದೀನಿ ಅಂತ ಗೊತ್ತಾಗಿ ಓಡಿದ್ನೇನೋ.”

ಅದು ಕ್ಯಾಸೆಟ್ ಎಂದೆ. ಕೆರಿಯೋಸ್ ಬಂದಿರಲಿಲ್ಲ ಎಂದೆ. ಆಮೇಲೆ ಎರಡೂವರೆ ವರ್ಷ ನುಂಗಿಕೊಂಡಿದ್ದು ಬಾಯಿಗೆ ಬಂತು. “ಕಿತ್‌ನ ಹೆಸರು ಕರೆದ ಹಾಗಾಯ್ತು. ಅದಕ್ಕೇ ನೀನು ಎದ್ದು ಹೋದೆ ಅಂದ್ಕೊಂಡೆ.”

ಮೆಯ್ ಚಾಕು ಕೆಳಗಿಟ್ಟಳು. “ಅದ್ಯಾವಾಗ ಕಿತ್‌ನ ಹೆಸರಾಯ್ತೇ? ನಾನು ಇಟ್ಟ ಹೆಸರು ಕೊನೇಲಿ ಮೇಲೇರತ್ತೆ. ಇದು ಕೆಳಗಿಳಿಯತ್ತೆ. ಆ ಪೇಟೆ ಹುಡುಗನ ಬಾಯಲ್ಲಿ ಅದು ಯಾವತ್ತೂ ಸರಿ ಬರ್ಲಿಲ್ಲ. ಮೊದಮೊದಲು ನಾಯಿ ಕರೀತಿದಾನೆ ಅಂದ್ಕೊಂಡಿದ್ದೆ ನಾನು.”

“ಮತ್ತೆ ಕಿತ್ ಓಡ್ತಿದ್ನಲ್ಲ?”

“ಓಡ್ತಿದ್ದ. ನಾನು ಸರಿಯಾಗಿ ಕರೆದ್ರೆ ಮೂರು ಸಲ ಕರೆಸ್ಕೋತಿದ್ದ, ಕಳ್ಳ. ಅವನು ತಪ್ಪು ಕರೆದ್ರೂ ಶೂ ಹಾಕ್ಕೊಳ್ಳೋಕೂ ನಿಲ್ತಿರ್ಲಿಲ್ಲ.” ಎಂದು ನಕ್ಕಳು. ಮೆಯ್ ನಕ್ಕದ್ದನ್ನು ನಾನು ಮರೆತೇಬಿಟ್ಟಿದ್ದೆ. ನಕ್ಕು, ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಸತ್ತವನನ್ನ ಕರೆದ್ರೆ ಬಾಗಿಲಿಗೆ ಹೋಗಿ ನಿಲ್ಲೋಷ್ಟು ಹುಚ್ಚಿ ಅಲ್ಲ ನಾನು. ಬದುಕಿರೋನು ಬಂದ ಅಂತ ಹೋದೆ. ಯಾಕೆ ಬರಲ್ಲ ಅವನು? ನಾನೇನು ಅವನನ್ನ ತಿಂದುಬಿಡ್ತೀನಾ?” ಎಂದಳು.

ಹೀಗಿದೆ ನೋಡಿ. ನೀವು ಕತ್ತೆಯಾದರೆ ನಾನು ನಿಮಗಿಂತ ದೊಡ್ಡ ಕತ್ತೆ. ಮೆಯ್‌ಗೆ ನೋವಾದೀತೆಂದು ನಾನು ಬ್ಯಾಂಡಿನ ಕ್ಯಾಸೆಟ್ ಮುಟ್ಟಲಿಲ್ಲ. ಕೆರಿಯೋಸ್ ಹಾಡಿನ ಹೊಟ್ಟೆ ಕೊಯ್ದು ಜಾಗ ಬಿಟ್ಟ. ನೀವು ಉಸಿರು ಬಿಗಿಹಿಡಿದು ತುಂಬಿಸಿದಿರಿ. ಮೂವರೂ ಅಷ್ಟು ಕಷ್ಟಪಟ್ಟದ್ದು ಅವನ ಹೆಸರೇ ಅಲ್ಲದ ಒಂದು ಶಿಳ್ಳೆಗೆ.

ಕೆರಿಯೋಸ್‌ಗೆ ಮೆಯ್ ಹೇಳಿಕಳಿಸಿದಳು. ಹೋದ ಭಾನುವಾರ ಬಂದ. ಎಲ್ಲ ಮೆಟ್ಟಿಲನ್ನೂ ಹತ್ತಿ ಬಂದು ಬಾಗಿಲು ತಟ್ಟಿದ. “ಏನೋ, ಕಳ್ಳನ ಹಾಗೆ ಸದ್ದಿಲ್ಲದೆ ಬರ್ತೀಯಾ? ನಿನ್ನ ಶಿಳ್ಳೆ ಎಲ್ಲಿ?” ಎಂದು ಮೆಯ್ ಬೈದಳು. ಅವನು ಹೊಸಿಲ ಮೇಲೆಯೇ ಕೂತು ಚಿಕ್ಕ ಹುಡುಗನ ಹಾಗೆ ಅತ್ತ. ಮೆಯ್ ಅವನಿಗೆ ಅಣ್ಣನ ತಟ್ಟೆಯಲ್ಲಿ ಬಡಿಸಿದಳು. ಸ್ವರ ತಪ್ಪಾಗಿತ್ತು ಎಂದು ನಾವು ಅವನಿಗೆ ಹೇಳಿಲ್ಲ. ನೀವೂ ಹೇಳಬೇಡಿ. ಅವನು ಬಿಟ್ಟ ಜಾಗ ಹಾಗೇ ಇರಲಿ.

ಅವರಿಬ್ಬರೂ ಅತ್ತು ಹಗುರಾದರು. ನನಗೆ ಅಳು ಬರಲಿಲ್ಲ. ಬರಬಹುದೆಂದು ಕಾದೆ. ಸ್ವೆಟರಿನ ತೋಳು ಒಂದು ಮುಗಿಸಿದೆ. ಆಗ ಒಂದು ವಿಷಯ ಗೊತ್ತಾಯಿತು, ಅದನ್ನು ಇಲ್ಲಿ ಯಾರಿಗೂ ಹೇಳಲಾರದ್ದಕ್ಕೆ ನಿಮಗೆ ಹೇಳುತ್ತಿದ್ದೇನೆ. ಅಣ್ಣನ ನಿಜವಾದ ಹೆಸರು ಮನಸ್ಸಿನಲ್ಲಿ ಹಾಡಿಕೊಳ್ಳೋಣವೆಂದು ನೋಡಿದೆ. ನನಗೆ ಬರುವುದಿಲ್ಲ. ಕೆರಿಯೋಸ್‌ನ ಶಿಳ್ಳೆಯನ್ನು ಅಷ್ಟು ವರ್ಷ ಕೇಳಿ ಕೇಳಿ ನನ್ನ ಕಿವಿಯಲ್ಲಿ ಅದೇ ಉಳಿದಿದೆ. ಕೊನೆಗೆ ಬಂದ ಕೂಡಲೇ ಕೆಳಗಿಳಿಯುತ್ತದೆ. ಮೇಲೆ ಏರಬೇಕು ಎಂದು ಗೊತ್ತು, ಹೇಗೆ ಏರಬೇಕೋ ಗೊತ್ತಿಲ್ಲ. ಸರಿಯಾದದ್ದು ಮೆಯ್ ಒಬ್ಬಳ ಗಂಟಲಿನಲ್ಲಿದೆ. ಅವಳು ಹಾಡುವಂತಿಲ್ಲ, ನಾನು ಹಾಡು ಎಂದು ಕೇಳುವಂತಿಲ್ಲ. ಇಷ್ಟು ದಿನ ನನಗೆ ಏನೂ ಅನ್ನಿಸುವುದಿಲ್ಲ ಎಂದುಕೊಂಡಿದ್ದೆ. ಇದಕ್ಕೆ ಅನ್ನಿಸುತ್ತಿದೆ. ಚೆನ್ನಾಗಿಲ್ಲ.

ಯಾವ ಕ್ಯಾಸೆಟ್ ಒಳ್ಳೆಯದು ಎಂಬ ನಮ್ಮ ಜಗಳ ಹಾಗೇ ಉಳಿಯಿತು. ಮೊನ್ನೆ ಬ್ಯಾಂಡಿನದನ್ನು ಹಾಕಿದೆ. ಡ್ರಮ್ ಬರುವವರೆಗೂ ಕೇಳಿದೆ, ಆಮೇಲೆ ನಿಲ್ಲಿಸಿದೆ. ನೀವು ಹೇಳಿದ್ದು ನಿಜ, ಓಡಿ ಇಳಿದುಬಂದ ಹಾಗೇ ಇದೆ. ಮೆಯ್‌ಳನ್ನು ಕೇಳಿದರೆ ಎರಡರಲ್ಲೂ ಕೆರಿಯೋಸ್ ಮೂಗಿನಿಂದ ಹಾಡುತ್ತಾನಂತೆ.

ನಿಮ್ಮ ಪ್ರಶ್ನೆಯನ್ನು ಅವಳ ಮುಂದೆ ಇಟ್ಟೆ. ಪಾರಿಯ ವಿಷಯ ಎಲ್ಲ ಕೇಳಿಸಿಕೊಂಡಳು. “ಅದು ಯಾರ ಹೆಸರೂ ಅಲ್ಲ. ಆ ಮಗುಗೇ ಇರ್ಲಿ. ಅಪ್ಪನ ಬಾಯಿಂದ ಬಂದದ್ದು, ನಮ್ಮೂರಲ್ಲಿ ಅಮ್ಮ ಇಡ್ಬೇಕು, ಅವರ ಪದ್ಧತಿ ಏನೋ” ಎಂದಳು. ಆಮೇಲೆ ಒಲೆಯ ಕಡೆ ತಿರುಗಿಕೊಂಡು, “ಕೊನೇದನ್ನ ಮಾತ್ರ ಮೇಲೇರಿಸ್ಬೇಡ ಅಂತ ಬರಿ” ಎಂದಳು.

ಹಾಗಾಗಿ ಇಳಿಸಿಯೇ ಹಾಕಿ. ಎಂದಾದರೂ ಬಾಯಿ ತಪ್ಪಿ ಅದು ಮೇಲೇರಿದರೆ ನನಗೆ ಬರೆಯಬೇಡಿ, ಹೇಗಿತ್ತು ಎಂದು ನಾನು ಕೇಳಿಬಿಡುತ್ತೇನೆ. ಪಾರಿಯನ್ನು ಊಟಕ್ಕೆ ಕರೆಯಿರಿ, ಮಗು ಕಾಯುತ್ತಿರುತ್ತದೆ.

ನಿಮ್ಮ ಕಾಂಗ್
ರಿಸಾಲಿನ್